ಕಾಲೇಜು ಕಳುಹಿಸಿದ ಲಿಂಕ್‌ನಿಂದ ಮನಸ್ಸು ಹಗುರಾದೀತೇ? ವಿದ್ಯಾರ್ಥಿಗಳ ಮಾನಸಿಕ ಸ್ವಸಹಾಯದ ಒಳಹೊರಗು

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ ಮಾರ್ಗಸೂಚಿಗಳನ್ನು ಹೊರಡಿಸಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ತಯಾರಾಗುತ್ತಿದ್ದ ಹದಿನೇಳು ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಬಂದ ಈ ತೀರ್ಪಿನ ಪ್ರಕಾರ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಬಳಿಗೆ ವಿದ್ಯಾರ್ಥಿಗಳನ್ನು ಕಳುಹಿಸುವ ಏರ್ಪಾಡು ಮಾಡಿಕೊಳ್ಳಬೇಕು. ಸಹಾಯವಾಣಿಯ ಸಂಖ್ಯೆಗಳು ಹಾಸ್ಟೆಲ್ಲಿನಲ್ಲೂ ತರಗತಿಯಲ್ಲೂ ಕಣ್ಣಿಗೆ ಬೀಳುವಷ್ಟು ದೊಡ್ಡ ಅಕ್ಷರಗಳಲ್ಲಿ ಇರಬೇಕು.

ಮುಂಬೈ, ಪುಣೆಗಳ ದೊಡ್ಡ ಕಾಲೇಜುಗಳಲ್ಲಿ ಓದುವವರು ಸಾವಿರಗಟ್ಟಲೆ. ಒಬ್ಬರೋ ಇಬ್ಬರೋ ಸಮಾಲೋಚಕರು ಅಷ್ಟೂ ಮಂದಿಯನ್ನು ಎದುರು ಕೂರಿಸಿಕೊಂಡು ಮಾತನಾಡಿಸುವುದು ಲೆಕ್ಕಕ್ಕೇ ಹೊಂದುವುದಿಲ್ಲ. ಹೀಗಾಗಿ ಹೊಸ ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ಬಹುಮಟ್ಟಿಗೆ ಒಂದು ಆ್ಯಪ್‌ನ ಲಿಂಕ್, ಒಂಬತ್ತು ಪ್ರಶ್ನೆಗಳ ಒಂದು ಫಾರ್ಮ್ ಅಥವಾ ಒಂದು ಕಿರುಪುಸ್ತಿಕೆ. ಡೊಂಬಿವಲಿಯಲ್ಲೋ ಚಿಂಚವಾಡದಲ್ಲೋ ವಾಸ್ಕೋದಲ್ಲೋ ಇರುವ ತಂದೆತಾಯಿಗೆ ಇದು ಚಿಕಿತ್ಸೆಯೋ, ಕಾಲಹರಣವೋ, ಕಾಲೇಜು ಕೈ ತೊಳೆದುಕೊಳ್ಳುವ ದಾರಿಯೋ ಎಂಬ ಸಂದೇಹ ಬರುವುದು ಸಹಜ.

ಸ್ವಸಹಾಯ ಎಂದರೆ ಯಾವುದು

ಮಾನಸಿಕ ಆರೋಗ್ಯದಲ್ಲಿ ಸ್ವಸಹಾಯ ಎಂದರೆ, ಚಿಕಿತ್ಸಕರೊಬ್ಬರು ಎದುರು ಕುಳಿತು ಕಲಿಸಬಹುದಾಗಿದ್ದ ವಿಧಾನವನ್ನೇ ಸಣ್ಣ ಸಣ್ಣ ಪಾಠಗಳಾಗಿ ಒಡೆದು, ವ್ಯಕ್ತಿ ತಾನೇ ಓದಿ, ತಾನೇ ಅಭ್ಯಾಸ ಮಾಡುವಂತೆ ರೂಪಿಸಿದ ಕ್ರಮಬದ್ಧ ಕಾರ್ಯಕ್ರಮ. ಅದು ಪುಸ್ತಕವಾಗಿರಬಹುದು, ಅಂತರ್ಜಾಲದ ಕೋರ್ಸ್ ಆಗಿರಬಹುದು, ಫೋನಿನ ಆ್ಯಪ್ ಆಗಿರಬಹುದು. ಬೆಳಿಗ್ಗೆ ವಾಟ್ಸ್ಆ್ಯಪ್‌ಗೆ ಬರುವ ಸ್ಫೂರ್ತಿದಾಯಕ ವಿಡಿಯೊ ಈ ವರ್ಗಕ್ಕೆ ಸೇರುವುದಿಲ್ಲ. ಅದರಲ್ಲಿ ಉತ್ಸಾಹ ಇರಬಹುದಾದರೂ ಅಭ್ಯಾಸ ಇರುವುದಿಲ್ಲ.

ಇಂತಹ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ನಿಂತಿರುವುದು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸಾಕ್ರಮದ ಮೇಲೆ. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು ಸಿಬಿಟಿ ಎನ್ನುತ್ತಾರೆ. ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಮೂಲಕ ಭಾವನೆಯನ್ನು ಬದಲಿಸುವ ಚಿಕಿತ್ಸೆ ಎಂದು ಅದರ ಭಾವಾರ್ಥ. ಈ ಕ್ರಮವನ್ನು ಅಂತರ್ಜಾಲದ ಮೂಲಕ ಯುವಜನರಿಗೆ ತಲುಪಿಸಿದ ಆರಂಭದ ಯತ್ನಗಳಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಮೂಡ್‌ಜಿಮ್ ಪ್ರಮುಖವಾದದ್ದು. ಅದು 2001ರಿಂದ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ಒತ್ತಡವನ್ನು ಎದುರಿಸಲು ಒಂದು ಸಚಿತ್ರ ಕೈಪಿಡಿಯನ್ನು ಹೊರತಂದು ಉಚಿತವಾಗಿ ಹಂಚುತ್ತಿದೆ.

ಸ್ವಸಹಾಯದಲ್ಲಿ ಎರಡು ಬಗೆ. ಒಂದು ಪೂರ್ಣ ಸ್ವತಂತ್ರವಾದದ್ದು, ಇನ್ನೊಂದು ಅಲ್ಪಸ್ವಲ್ಪ ಮಾರ್ಗದರ್ಶನ ಇರುವಂಥದ್ದು. ಪುಣೆಯ ಪಿಜಿಯೊಂದರಲ್ಲಿ ಮೊದಲ ಸಲ ಸಾರು ಮಾಡಲು ಹೊರಟ ಹುಡುಗ ಬರೆದಿಟ್ಟ ಚೀಟಿಯನ್ನು ನೋಡಿಕೊಂಡು ತಾನೇ ಮಾಡಿ ಮುಗಿಸಿದರೆ ಅದು ಮೊದಲನೆಯ ಬಗೆ. ಅದೇ ಚೀಟಿಯನ್ನು ಎದುರಿಗಿಟ್ಟುಕೊಂಡು, ಬೇಳೆ ಬೆಂದಿದೆಯೋ ಇಲ್ಲವೋ ತಿಳಿಯದಾದಾಗ ಊರಿನಲ್ಲಿರುವ ಅಮ್ಮನಿಗೆ ಎರಡು ನಿಮಿಷ ಫೋನ್ ಮಾಡಿ ಕೇಳಿಕೊಂಡರೆ ಅದು ಎರಡನೆಯದು. ಎರಡರಲ್ಲೂ ಅಡುಗೆ ಮಾಡಿದವನು ಅವನೇ. ಮಾರ್ಗದರ್ಶನವೆಂದರೆ ಇಲ್ಲಿ ಪೂರ್ಣ ಪ್ರಮಾಣದ ಚಿಕಿತ್ಸೆಯಲ್ಲ. ತರಬೇತಿ ಪಡೆದ ಒಬ್ಬರು ವಾರಕ್ಕೊಮ್ಮೆ ಕೆಲವು ನಿಮಿಷ ಮಾತನಾಡಿ ಅಥವಾ ಸಂದೇಶ ಕಳುಹಿಸಿ, ಪಾಠ ಎಲ್ಲಿಗೆ ಬಂತು, ಎಲ್ಲಿ ತೊಡಕಾಯಿತು ಎಂದು ವಿಚಾರಿಸುವುದು ಮಾತ್ರ.

ಈ ವಯಸ್ಸಿನಲ್ಲೇ ಏಕೆ

ಮಾನಸಿಕ ಕಾಯಿಲೆಗಳು ಯಾವ ವಯಸ್ಸಿನಲ್ಲಿ ತಲೆದೋರುತ್ತವೆ ಎಂಬುದರ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಸುಮಾರು 62 ಶೇಕಡಾ ಪ್ರಕರಣಗಳು 25 ತುಂಬುವ ಮೊದಲೇ ಆರಂಭವಾಗಿರುತ್ತವೆ. ಕಾಲೇಜಿನ ವರ್ಷಗಳು ಬರುವುದು ಈ ಅವಧಿಯೊಳಗೇ. ಎಂಟು ದೇಶಗಳ 19 ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು 35 ಶೇಕಡಾ ಮಂದಿಯಲ್ಲಿ, ಜೀವನದ ಯಾವುದಾದರೊಂದು ಹಂತದಲ್ಲಿ, ಖಿನ್ನತೆ ಅಥವಾ ಆತಂಕದಂತಹ ಒಂದಾದರೂ ತೊಂದರೆಯ ಲಕ್ಷಣಗಳು ಕಂಡುಬಂದಿದ್ದವು. ಆ ಎಂಟು ದೇಶಗಳಲ್ಲಿ ಭಾರತ ಇರಲಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಈ ಅಂಕಿಯನ್ನು ಓದಬೇಕು.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ 10.6 ಶೇಕಡಾ ಮಂದಿಗೆ ಆ ಹೊತ್ತಿಗೆ ಮಾನಸಿಕ ತೊಂದರೆ ಇತ್ತೆಂದು ಹೇಳಿತು. ಅದೇ ಸಮೀಕ್ಷೆ ಚಿಕಿತ್ಸೆಯ ಅಂತರವನ್ನೂ ಅಳೆಯಿತು. ಕಾಯಿಲೆ ಇದ್ದೂ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣವೇ ಚಿಕಿತ್ಸೆಯ ಅಂತರ. ಅದು ಬೇರೆ ಬೇರೆ ಕಾಯಿಲೆಗಳಲ್ಲಿ 70ರಿಂದ 92 ಶೇಕಡಾದವರೆಗೆ ಇತ್ತು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಪೂರ್ತಿ ಇಲ್ಲ, ಲೆಕ್ಕ 0.75ಕ್ಕೆ ನಿಲ್ಲುತ್ತದೆ. ಸ್ವಸಹಾಯದ ಕಡೆಗೆ ಸರ್ಕಾರಗಳೂ ವಿಶ್ವವಿದ್ಯಾಲಯಗಳೂ ತಿರುಗಿರುವುದಕ್ಕೆ ಈ ಕೊರತೆಯೇ ದೊಡ್ಡ ಕಾರಣ.

ಇದರ ಮೇಲೆ ಹೊರನಾಡಿನ ಕನ್ನಡ ವಿದ್ಯಾರ್ಥಿಯ ಸ್ಥಿತಿಯೂ ಸ್ವಲ್ಪ ಬೇರೆ. ವಿಜಯಪುರದಿಂದಲೋ ಬೆಳಗಾವಿಯಿಂದಲೋ ಪುಣೆಗೆ ಬಂದವರಿಗೆ ಪಾಠ ಇಂಗ್ಲಿಷಿನಲ್ಲಿ, ಹಾಸ್ಟೆಲ್ಲಿನ ಹರಟೆ ಹಿಂದಿ–ಮರಾಠಿಯಲ್ಲಿ, ಬೇಸರ ಮಾತ್ರ ಕನ್ನಡದಲ್ಲಿ. ಮುಂಬೈಯಲ್ಲೇ ಹುಟ್ಟಿ ಬೆಳೆದವರಿಗೆ ಆ ತೊಡಕು ಕಡಿಮೆ. ಆದರೆ ಒಂದೇ ಕೋಣೆಯ ಮನೆ, ದಿನಕ್ಕೆರಡು ಹೊತ್ತು ಲೋಕಲ್ ರೈಲು, ನೆರೆಯವರೆಲ್ಲ ಊರಿನ ಕಡೆಯವರೇ ಆಗಿರುವ ಕಟ್ಟಡ, ಇವುಗಳ ನಡುವೆ ಯಾರಿಗೂ ಕೇಳಿಸದಂತೆ ಕೌನ್ಸೆಲರ್‌ಗೆ ಫೋನ್ ಮಾಡಲು ಜಾಗವೇ ಸಿಗುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಾಠವೊಂದನ್ನು ಓದಲು ಅಷ್ಟು ಏಕಾಂತ ಬೇಕಾಗುವುದಿಲ್ಲ.

ಪಾಠದೊಳಗೆ ಏನಿರುತ್ತದೆ

ಮುಂಬೈ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ 'ಕೇಟಿ' ಚೆನ್ನಾಗಿ ಗೊತ್ತು: ಒಂದು ವಿಷಯದಲ್ಲಿ ನಪಾಸಾಗಿ, ಅದನ್ನು ಬಾಕಿ ಉಳಿಸಿಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗುವುದು. ಒಬ್ಬ ವಿದ್ಯಾರ್ಥಿನಿಗೆ ಎರಡನೆಯ ಸೆಮಿಸ್ಟರಿನಲ್ಲಿ ಕೇಟಿ ಬಂತೆಂದು ಇಟ್ಟುಕೊಳ್ಳೋಣ. ಆ ಕ್ಷಣಕ್ಕೆ ಅವಳ ತಲೆಯಲ್ಲಿ ಹಾದುಹೋಗುವುದು 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಎಂಬ ಆಲೋಚನೆ. ಅದರಿಂದ ದುಃಖ, ನಾಚಿಕೆ. ಆ ನಾಚಿಕೆಯಿಂದ ಅವಳು ಗೆಳತಿಯರನ್ನು ತಪ್ಪಿಸುತ್ತಾಳೆ, ತರಗತಿಗೆ ಹೋಗುವುದಿಲ್ಲ, ಹಗಲು ಮಲಗಿ ರಾತ್ರಿ ಫೋನ್ ನೋಡುತ್ತಾಳೆ. ಪಾಠಗಳು ತಪ್ಪಿಹೋಗುತ್ತವೆ, ಮುಂದಿನ ಪರೀಕ್ಷೆಯೂ ಕೆಡುತ್ತದೆ, ಮೊದಲು ಬಂದ ಆಲೋಚನೆಗೆ ಈಗ ಪುರಾವೆ ಸಿಕ್ಕಂತಾಗುತ್ತದೆ. ಆಲೋಚನೆ, ಭಾವನೆ, ವರ್ತನೆ ಒಂದನ್ನೊಂದು ತಳ್ಳುತ್ತ ಸುತ್ತುವ ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ತಡೆದರೆ ಉಳಿದೆರಡೂ ನಿಧಾನವಾಗುತ್ತವೆ ಎಂಬುದೇ ಸಿಬಿಟಿಯ ಮೂಲ ತರ್ಕ.

ಆಲೋಚನೆಯ ಕಡೆಯಿಂದ ತಡೆಯುವ ಅಭ್ಯಾಸಕ್ಕೆ ಒಂದು ಹಾಳೆ ಸಾಕು. ಏನಾಯಿತು, ಆಗ ಮನಸ್ಸಿಗೆ ಬಂದದ್ದೇನು, ಎಷ್ಟು ನೋವಾಯಿತು, ಆ ಆಲೋಚನೆಗೆ ಪರವಾಗಿ ಏನು ಸಾಕ್ಷ್ಯವಿದೆ, ವಿರುದ್ಧವಾಗಿ ಏನಿದೆ, ಎರಡನ್ನೂ ತೂಗಿದರೆ ಹೆಚ್ಚು ನಿಜವಾದ ವಾಕ್ಯ ಯಾವುದು ಎಂದು ಸಾಲಾಗಿ ಬರೆಯಬೇಕು. 'ಐದು ವಿಷಯಗಳಲ್ಲಿ ನಾಲ್ಕು ಪಾಸಾಗಿವೆ, ಲೆಕ್ಕಶಾಸ್ತ್ರಕ್ಕೆ ನಾನು ಓದಿದ್ದು ಸಾಲಲಿಲ್ಲ' ಎಂಬ ವಾಕ್ಯ ಸಂತೋಷವನ್ನೇನೂ ಕೊಡುವುದಿಲ್ಲ. ಆದರೆ ಮುಂದೇನು ಮಾಡಬೇಕೆಂಬುದು ಅದರಲ್ಲಿದೆ, ಮೊದಲಿನ ವಾಕ್ಯದಲ್ಲಿ ಇರಲಿಲ್ಲ. 'ಒಳ್ಳೆಯದನ್ನೇ ಯೋಚಿಸು' ಎಂಬ ಹಿರಿಯರ ಉಪದೇಶಕ್ಕೂ ಇದಕ್ಕೂ ಇರುವ ವ್ಯತ್ಯಾಸವೂ ಇದೇ. ಇಲ್ಲಿ ಹುಡುಕುವುದು ಒಳ್ಳೆಯದನ್ನಲ್ಲ, ನಿಖರವಾದದ್ದನ್ನು.

ವರ್ತನೆಯ ಕಡೆಯಿಂದ ತಡೆಯುವ ವಿಧಾನ ಇನ್ನೂ ಸರಳ. ಖಿನ್ನತೆಯಲ್ಲಿ ಇರುವವರು ಮನಸ್ಸು ಬಂದಾಗ ಎದ್ದು ಕೆಲಸ ಮಾಡುತ್ತೇನೆ ಎಂದು ಕಾಯುತ್ತಾರೆ, ಮನಸ್ಸು ಬರುವುದೇ ಇಲ್ಲ. ಈ ವಿಧಾನ ಕ್ರಮವನ್ನು ತಿರುಗಿಸುತ್ತದೆ. ಹಿಂದೆ ಸಂತೋಷವನ್ನೋ ತೃಪ್ತಿಯನ್ನೋ ಕೊಡುತ್ತಿದ್ದ ಸಣ್ಣ ಕೆಲಸಗಳನ್ನು ಪಟ್ಟಿ ಮಾಡಿ, ದಿನದ ನಿರ್ದಿಷ್ಟ ಗಂಟೆಗೆ ಗೊತ್ತುಮಾಡಿ, ಮನಸ್ಸಿರಲಿ ಇಲ್ಲದಿರಲಿ ಮಾಡುವುದು; ಮಾಡಿದ ಮೇಲೆ ಹೇಗೆನಿಸಿತು ಎಂದು ಬರೆದುಕೊಳ್ಳುವುದು. ಸಂಜೆ ಮೈದಾನಕ್ಕೆ ಒಂದು ಸುತ್ತು, ಅಣ್ಣನಿಗೆ ಒಂದು ಫೋನ್, ಬಟ್ಟೆ ಒಗೆಯುವುದು, ಇಷ್ಟು ಚಿಕ್ಕವಾದರೂ ನಡೆಯುತ್ತದೆ.

ಈ ವಿಧಾನಕ್ಕೆ ನಮ್ಮ ಹತ್ತಿರದಲ್ಲೇ ದೊರೆತ ಆಧಾರ ಗೋವಾದ್ದು. 1996ರಲ್ಲಿ ಅಲ್ಲಿ ಆರಂಭವಾದ ಸಂಗಾತ್ ಎಂಬ ಸಂಸ್ಥೆ, ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಸ್ವರೂಪದ ಖಿನ್ನತೆಯಿದ್ದ ವಯಸ್ಕರ ಮೇಲೆ ಇದನ್ನು ಪರೀಕ್ಷಿಸಿತು. ಕಲಿಸಿದವರು ವೈದ್ಯರೂ ಅಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಕೆಲವು ವಾರಗಳ ತರಬೇತಿ ಪಡೆದ ಸಾಮಾನ್ಯ ಜನ. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದವರು ಈ ಗುಂಪಿನಲ್ಲಿ 64 ಶೇಕಡಾ, ಮಾಮೂಲು ಆರೈಕೆಯ ಗುಂಪಿನಲ್ಲಿ 39 ಶೇಕಡಾ. ಇದು ಸ್ವಸಹಾಯದ ಪ್ರಯೋಗವಲ್ಲ, ಎದುರಿಗೆ ಮನುಷ್ಯರಿದ್ದರು. ಆದರೂ ತಜ್ಞರಲ್ಲದವರು ಕಲಿತು ಕಲಿಸಬಲ್ಲಷ್ಟು ಸುಲಭವಾದ ವಿಧಾನವಿದು ಎಂಬುದನ್ನು ಅದು ತೋರಿಸಿಕೊಟ್ಟಿತು, ಸ್ವಸಹಾಯದ ಪಾಠಗಳು ಇದನ್ನು ಎತ್ತಿಕೊಂಡಿರುವುದೂ ಅದಕ್ಕಾಗಿಯೇ.

ಮೂರನೆಯದು ಸಮಸ್ಯೆ ಬಿಡಿಸುವ ಅಭ್ಯಾಸ. ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಹೇಳುವುದು, ಸಾಧ್ಯವಿರುವ ದಾರಿಗಳನ್ನೆಲ್ಲ ಬರೆಯುವುದು, ಒಂದನ್ನು ಆರಿಸಿ ಮಾಡಿನೋಡುವುದು. ಇದನ್ನೇ ಫೋನಿನ ಆಟವಾಗಿಸಿ ಶಾಲಾಮಕ್ಕಳಿಗೆ ಕಲಿಸುವ ಯತ್ನವನ್ನೂ ಸಂಗಾತ್ ಮಾಡಿದೆ. ಚಿಂತೆ ಬಿಡದೆ ಕಾಡುವವರಿಗೆ ದಿನದಲ್ಲಿ ಅರ್ಧ ಗಂಟೆಯನ್ನು ಚಿಂತೆಗೆಂದೇ ಮೀಸಲಿಟ್ಟು, ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಆ ಹೊತ್ತಿಗೆ ಮುಂದೂಡುವ ಅಭ್ಯಾಸವಿದೆ. ಉಸಿರನ್ನು ನಿಧಾನಗೊಳಿಸುವುದು, ನಿದ್ರೆಯ ವೇಳೆಯನ್ನು ಸ್ಥಿರಗೊಳಿಸುವುದು ಬಹುತೇಕ ಎಲ್ಲ ಕಾರ್ಯಕ್ರಮಗಳಲ್ಲೂ ಇರುತ್ತವೆ.

ಕೆಲಸ ಮಾಡುತ್ತದೆಯೇ

ಮಾಡುತ್ತದೆ, ಮಾಡಿದವರಿಗೆ. ತೊಡಕು ಇರುವುದು ಅಲ್ಲೇ. ಮಾನಸಿಕ ಆರೋಗ್ಯದ 93 ಆ್ಯಪ್‌ಗಳ ಬಳಕೆಯನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ್ಯಪ್ ಹಾಕಿಕೊಂಡವರ ಪೈಕಿ ಮೂವತ್ತನೆಯ ದಿನಕ್ಕೂ ಅದನ್ನು ತೆರೆಯುತ್ತಿದ್ದವರ ಪ್ರಮಾಣದ ಮಧ್ಯಾಂಕ, ಅಂದರೆ ಎಲ್ಲ ಆ್ಯಪ್‌ಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, 3.3 ಶೇಕಡಾ ಮಾತ್ರ ಇತ್ತು. ಖಿನ್ನತೆಯ ಮುಖ್ಯ ಲಕ್ಷಣವೇ ನಿರುತ್ಸಾಹವಾಗಿರುವಾಗ, ಉತ್ಸಾಹವಿದ್ದರೆ ಮಾತ್ರ ನಡೆಯುವ ಚಿಕಿತ್ಸೆಯನ್ನು ಒಬ್ಬರ ಕೈಗೆ ಕೊಟ್ಟು ಬಿಟ್ಟುಬಿಡುವುದರಲ್ಲಿ ಒಂದು ವಿರೋಧಾಭಾಸವಿದೆ.

ಇದಕ್ಕೆ ಪರಿಹಾರವೇ ಹಿಂದೆ ಹೇಳಿದ ಮಾರ್ಗದರ್ಶನ. ಹಲವು ಪ್ರಯೋಗಗಳ ಒಬ್ಬೊಬ್ಬರ ಮಾಹಿತಿಯನ್ನೂ ಒಟ್ಟುಗೂಡಿಸಿ 2021ರಲ್ಲಿ ಬಂದ ವಿಶ್ಲೇಷಣೆಯು, ಅಂತರ್ಜಾಲದ ಸಿಬಿಟಿಯಲ್ಲಿ ಮಾರ್ಗದರ್ಶನವಿದ್ದಾಗ ಫಲ ಹೆಚ್ಚು ಎಂದು ಕಂಡುಕೊಂಡಿತು. ಅದರೊಳಗಿನ ಒಂದು ಸೂಕ್ಷ್ಮ ಇಲ್ಲಿ ಬಹಳ ಮುಖ್ಯ: ಲಕ್ಷಣಗಳು ಸೌಮ್ಯವಾಗಿದ್ದವರಲ್ಲಿ ಎರಡು ಬಗೆಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ, ಮಧ್ಯಮ ಮತ್ತು ತೀವ್ರ ಖಿನ್ನತೆಯವರಿಗೆ ಮಾರ್ಗದರ್ಶನದಿಂದ ಸ್ಪಷ್ಟ ಲಾಭವಾಯಿತು. ದೆಹಲಿಯ ಸರ್ಕಾರಿ ಶಾಲೆಗಳ ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೂ ಇದೇ ದಿಕ್ಕಿನದು. ಸಮಸ್ಯೆ ಬಿಡಿಸುವ ಕಿರುಪುಸ್ತಿಕೆಗಳನ್ನಷ್ಟೇ ಪಡೆದವರಿಗಿಂತ, ಅವುಗಳ ಜೊತೆಗೆ ಸಮಾಲೋಚಕರ ಭೇಟಿಯನ್ನೂ ಪಡೆದವರು ತಮ್ಮ ಸಮಸ್ಯೆಗಳನ್ನು ಸಾಧಾರಣ ಪ್ರಮಾಣದಲ್ಲಾದರೂ ಚೆನ್ನಾಗಿ ನಿಭಾಯಿಸಿದರು. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ತನ್ನ ಮಾರ್ಗಸೂಚಿಯಲ್ಲಿ ಹೆಚ್ಚು ತೀವ್ರವಲ್ಲದ ಖಿನ್ನತೆಗೆ ಮೊದಲು ಪರಿಗಣಿಸಬೇಕಾದ ಚಿಕಿತ್ಸೆಗಳಲ್ಲಿ ಸ್ವಸಹಾಯವನ್ನು ಸೇರಿಸಿದಾಗಲೂ ಮಾರ್ಗದರ್ಶನವಿರುವ ಸ್ವಸಹಾಯವೆಂದೇ ಹೇಳಿತು.

ಹಾಗಾಗಿ ಕಾಲೇಜಿಗೆ ಕೇಳಬೇಕಾದ ಪ್ರಶ್ನೆ ಆ್ಯಪ್ ಯಾವುದು ಎಂಬುದಕ್ಕಿಂತ, ಅದರ ಹಿಂದೆ ವಾರಕ್ಕೊಮ್ಮೆ ವಿಚಾರಿಸುವವರು ಯಾರಾದರೂ ಇದ್ದಾರೆಯೇ ಎಂಬುದು. ಯಾರೂ ಇಲ್ಲದಿದ್ದರೆ ನಂಬಿಕೆಯ ಗೆಳೆಯನೊಬ್ಬನಿಗೆ ಆ ಕೆಲಸವನ್ನು ಒಪ್ಪಿಸಬಹುದು. ಅವನು ಸಲಹೆ ಕೊಡಬೇಕಾಗಿಲ್ಲ, ಭಾನುವಾರ ಸಂಜೆ 'ಈ ವಾರದ ಹಾಳೆ ಬರೆದೆಯಾ' ಎಂದು ಕೇಳಿದರೆ ಆಯಿತು.

ಒಂಬತ್ತು ಪ್ರಶ್ನೆಗಳ ಅಂಕ

ಹೆಚ್ಚಿನ ಕಾರ್ಯಕ್ರಮಗಳ ಬಾಗಿಲಲ್ಲೇ ಎದುರಾಗುವ, ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿಗೆ ಪಿಎಚ್‌ಕ್ಯೂ-9 ಎಂದು ಹೆಸರು. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ರೆ, ಹಸಿವು, ಏಕಾಗ್ರತೆ ಮುಂತಾದವು ಎಷ್ಟು ದಿನ ಕೆಟ್ಟಿದ್ದವು ಎಂದು ಅದು ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27 ಅಂಕ. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ತೀವ್ರತೆಯ ಕಡೆಗೆ, 20 ಅಥವಾ ಹೆಚ್ಚಾದರೆ ತೀವ್ರ.

ಈ ಅಂಕ ರೋಗನಿರ್ಣಯವಲ್ಲ. ಪರೀಕ್ಷೆಯ ಹಿಂದಿನ ವಾರ ಯಾರಿಗಾದರೂ ನಿದ್ರೆ ಕೆಟ್ಟು ಅಂಕ ಏರಬಹುದು. ಥೈರಾಯ್ಡ್ ತೊಂದರೆ, ರಕ್ತಹೀನತೆ, ವಿಟಮಿನ್ ಬಿ12ರ ಕೊರತೆಯಿಂದಲೂ ಇದೇ ಬಗೆಯ ದಣಿವು, ಮಂಕು ಬರುತ್ತದೆ, ಅದನ್ನು ಪತ್ತೆಹಚ್ಚಲು ರಕ್ತಪರೀಕ್ಷೆಯೇ ಬೇಕು. ಅಂಕ ಹತ್ತು ಅಥವಾ ಹೆಚ್ಚಾದರೆ ಸ್ವಸಹಾಯವನ್ನು ನಿಲ್ಲಿಸಬೇಕೆಂದೇನಿಲ್ಲ, ಆದರೆ ಅದೊಂದನ್ನೇ ನೆಚ್ಚಿಕೊಳ್ಳದೆ ತಜ್ಞರನ್ನು ಕಾಣಬೇಕು. ಒಂಬತ್ತನೆಯ ಪ್ರಶ್ನೆ ಬದುಕಿರುವುದೇ ಬೇಡ ಎಂಬ ಆಲೋಚನೆಯ ಕುರಿತದ್ದು. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಒಬ್ಬ ಮನುಷ್ಯರೊಡನೆ ಮಾತನಾಡಬೇಕು.

ಬರೆದದ್ದು ಎಲ್ಲಿ ಉಳಿಯುತ್ತದೆ

ಕಾಗದದ ಮೇಲೆ ಬರೆದ ಹಾಳೆ ನಿಮ್ಮ ಕಪಾಟಿನಲ್ಲಿರುತ್ತದೆ, ಆ್ಯಪ್‌ನಲ್ಲಿ ಬರೆದದ್ದು ಇನ್ನಾರದೋ ಸರ್ವರ್‌ನಲ್ಲಿ. ಹಂತ ಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸುವುದಕ್ಕೆ ಮಿತಿ ಹಾಕಿದೆ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಆದರೂ ಹೆಸರು, ಕಾಲೇಜಿನ ಇಮೇಲ್ ಕೊಡದೆ ಬಳಸಬಹುದೇ, ಅಂಕಗಳು ಕಾಲೇಜಿಗೆ ಹೋಗುತ್ತವೆಯೇ, ಖಾತೆಯನ್ನು ಅಳಿಸಿದರೆ ಮಾಹಿತಿಯೂ ಅಳಿಯುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಜಾಣತನ. ಆ್ಯಪ್‌ಗಳು ಶಾಶ್ವತವೂ ಅಲ್ಲ: ಚಾಟ್ ಮೂಲಕ ಸಿಬಿಟಿ ಕಲಿಸಿ ಹೆಸರುವಾಸಿಯಾಗಿದ್ದ ಅಮೆರಿಕದ ವೋಬಾಟ್ 2025ರ ಜೂನ್ 30ಕ್ಕೆ ತನ್ನ ಆ್ಯಪ್ ಅನ್ನು ನಿಲ್ಲಿಸಿತು. ಏನು ಕೇಳಿದರೂ ಉತ್ತರಿಸುವ ಸಾಮಾನ್ಯ ಎಐ ಚಾಟ್‌ಬಾಟ್‌ಗಳು ಮೇಲೆ ಹೇಳಿದ ಅರ್ಥದ ಸ್ವಸಹಾಯವಲ್ಲ. ಅವು ಹಂತ ಹಂತವಾಗಿ ಪರೀಕ್ಷೆಗೊಳಪಟ್ಟ ಕಾರ್ಯಕ್ರಮವನ್ನು ಅನುಸರಿಸುವುದಿಲ್ಲ.

ಸ್ವಸಹಾಯ ಸಾಲದಾದಾಗ

ಎರಡು–ಮೂರು ವಾರ ಅಭ್ಯಾಸ ಮಾಡಿಯೂ ಲಕ್ಷಣಗಳು ಇಳಿಯದಿದ್ದರೆ, ಊಟ–ನಿದ್ರೆ ಪೂರ್ತಿ ಕೆಟ್ಟಿದ್ದರೆ, ಕುಡಿತ ಅಥವಾ ಮಾದಕ ವಸ್ತುವಿನ ಆಸರೆ ಬೇಕಾಗತೊಡಗಿದರೆ, ಇತರರಿಗೆ ಕೇಳಿಸದ ಧ್ವನಿಗಳು ಕೇಳಿಸಿದರೆ, ನಿದ್ರೆಯೇ ಇಲ್ಲದೆ ಅತಿಯಾದ ಉತ್ಸಾಹ ದಿನಗಟ್ಟಲೆ ಉಳಿದರೆ, ಸಾಯುವ ಯೋಚನೆ ಬಂದರೆ, ಆಗ ಬೇಕಾದದ್ದು ಪಾಠವಲ್ಲ, ತಜ್ಞರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳು ತೆರೆದಿರುವ ಈ ಉಚಿತ ಸೇವೆಯ ರಾಷ್ಟ್ರೀಯ ಕೇಂದ್ರ ನಿಮ್ಹಾನ್ಸ್. ಸೇವೆ ನೀಡುವ 20 ಭಾಷೆಗಳಲ್ಲಿ ಕನ್ನಡವೂ ಇದೆ. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತನಾಡುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ಕರೆಯನ್ನು ದಾಟಿಸುತ್ತಾರೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2012ರಲ್ಲಿ ಆರಂಭಿಸಿದ ಐಕಾಲ್ ಸೇವೆಯೂ ಫೋನ್ ಮತ್ತು ಇಮೇಲ್ ಮೂಲಕ ಸಮಾಲೋಚನೆ ನೀಡುತ್ತದೆ.

ಮನೆಗೆ ತಿಳಿದರೆ, ಪೊಲೀಸರಿಗೆ ಗೊತ್ತಾದರೆ ಎಂಬ ಭಯ ಹಲವರನ್ನು ಇಲ್ಲಿಯೇ ನಿಲ್ಲಿಸುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಹಾಗಲ್ಲವೆಂದು ಸಾಬೀತಾಗದ ಹೊರತು ಅವರನ್ನು ಆ ಕಾರಣಕ್ಕೆ ವಿಚಾರಣೆಗೂ ಶಿಕ್ಷೆಗೂ ಒಳಪಡಿಸಬಾರದೆನ್ನುತ್ತದೆ, ಅವರ ಆರೈಕೆಯನ್ನು ಸರ್ಕಾರದ ಕರ್ತವ್ಯವಾಗಿಸುತ್ತದೆ. 23ನೇ ಕಲಂ ಪ್ರಕಾರ ಚಿಕಿತ್ಸೆ ನೀಡುವ ಆರೋಗ್ಯ ವೃತ್ತಿಪರರು ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕು. ಜೀವಕ್ಕೆ ಅಪಾಯವಿರುವಾಗ, ನ್ಯಾಯಾಲಯದ ಆದೇಶವಿರುವಾಗ, ಇಂತಹ ಕೆಲವು ಸಂದರ್ಭಗಳಲ್ಲಿ ಮಾತ್ರ ಅಗತ್ಯವಿರುವಷ್ಟನ್ನು ಹೇಳಬಹುದು. ಕಾಲೇಜಿನ ಕೌನ್ಸೆಲರ್ ಬಳಿ ಹೋದವರು, ತಾವು ಹೇಳಿದ್ದರಲ್ಲಿ ಏನೇನನ್ನು ಬರೆದಿಡುತ್ತಾರೆ, ಆ ಕಡತವನ್ನು ಯಾರು ಯಾರು ನೋಡಬಹುದು, ಯಾವ ಸಂದರ್ಭದಲ್ಲಿ ಮನೆಗೆ ತಿಳಿಸುತ್ತಾರೆ ಎಂದು ಮೊದಲ ಭೇಟಿಯಲ್ಲೇ ಕೇಳಬಹುದು. ಅದಕ್ಕೆ ನೇರ ಉತ್ತರ ಕೊಡುವುದು ಕೌನ್ಸೆಲರ್ ಅವರ ಕೆಲಸದ ಭಾಗವೇ.